ಸುಣ್ಣದ ಕುದಿಗೂ ಒಂದು ಲೆಕ್ಕವಿದೆ

ಸುಟ್ಟ ಸುಣ್ಣದ ಕಲ್ಲಿಗೆ ನೀರು ಸುರಿದರೆ ಮೊದಲಿಗೆ ಹೆಚ್ಚೇನೂ ಆಗುವುದಿಲ್ಲ. ಕಲ್ಲು ನೀರು ಕುಡಿಯುತ್ತದೆ, ಸಣ್ಣಗೆ ಚರಚರ ಸದ್ದು ಬರುತ್ತದೆ. ಆಮೇಲೆ ಒಮ್ಮೆಲೇ ಬಿರಿದು, ಹಬೆಯೆದ್ದು, ಕೊತಕೊತ ಕುದಿಯತೊಡಗುತ್ತದೆ. ಕೆಳಗೆ ಒಲೆಯಿಲ್ಲ, ಬೆಂಕಿಯಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸುಣ್ಣ ಅರಳಿಸಲು ಹೋದರೆ ಬಕೆಟ್ಟಿನ ತಳ ಮೆತ್ತಗಾಗಿ ಸೊಟ್ಟಗಾಗುವುದು ಈ ಶಾಖದಿಂದಲೇ.

ಒಂದು ಕಿಲೋ ಸುಟ್ಟ ಸುಣ್ಣ ಪೂರ್ತಿ ಅರಳಿದಾಗ ಹೊರಬರುವ ಶಾಖ ಸುಮಾರು 1,160 ಕಿಲೋಜೂಲ್. ಒಂದು ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 100ಕ್ಕೆ ಏರಿಸಲು ಸುಮಾರು 314 ಕಿಲೋಜೂಲ್ ಸಾಕು. ಅಂದರೆ ಒಂದು ಕಿಲೋ ಸುಣ್ಣದ ಒಡಲಲ್ಲಿ ಮೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸುವಷ್ಟು ಶಾಖವಿದೆ. ಆದರೆ ಈ 1,160 ಎಂಬ ಸಂಖ್ಯೆ ಸಿಕ್ಕಿದ್ದು ಹೇಗೆ? ಶಾಖವನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಥರ್ಮಾಮೀಟರ್ ತೋರಿಸುವುದು ತಾಪವನ್ನೇ ಹೊರತು ಶಾಖವನ್ನಲ್ಲ. ತಾಪ ಎಷ್ಟು ಏರಿತು ಎಂಬುದರಿಂದ ಶಾಖವನ್ನು ಲೆಕ್ಕ ಹಾಕಿ ತೆಗೆಯಬೇಕು. ಆ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ ಎಂದರೆ ಎಲ್ಲೆಲ್ಲಿ ಎಷ್ಟು ಸೋರಿಹೋಯಿತು ಎಂದು ಹುಡುಕುವುದು.

ಶಾಖ ಬರುವುದು ಎಲ್ಲಿಂದ

ಬಹಳ ಜನರ ತಲೆಯಲ್ಲಿ ಒಂದು ತಪ್ಪು ಚಿತ್ರ ಕೂತಿದೆ: ಅಣುಗಳ ಬಂಧದೊಳಗೆ ಶಕ್ತಿ ತುಂಬಿಟ್ಟಿರುತ್ತದೆ, ಬಂಧ ಮುರಿದಾಗ ಅದು ಹೊರಗೆ ಬರುತ್ತದೆ ಎಂದು. ನಿಜ ಇದರ ತಿರುವುಮುರುವು. ಬಂಧ ಮುರಿಯಲು ಯಾವಾಗಲೂ ಶಕ್ತಿ ಖರ್ಚಾಗುತ್ತದೆ, ಹೊಸ ಬಂಧ ಕೂಡಿದಾಗ ಶಕ್ತಿ ಹೊರಬರುತ್ತದೆ. ಒಟ್ಟು ಲಾಭವೋ ನಷ್ಟವೋ ಎಂಬುದು ಈ ಎರಡರ ವ್ಯತ್ಯಾಸ.

ಹೈಡ್ರೋಜನ್ ಮತ್ತು ಕ್ಲೋರಿನ್ ಸೇರಿ ಹೈಡ್ರೋಜನ್ ಕ್ಲೋರೈಡ್ ಆಗುವುದನ್ನು ತೆಗೆದುಕೊಳ್ಳಿ. ಒಂದು ಮೋಲ್ (ಅಣುಗಳನ್ನು ಎಣಿಸಲು ಬಳಸುವ ಒಂದು ನಿಗದಿತ ಸಂಖ್ಯೆ) ಹೈಡ್ರೋಜನ್ನಿನ ಬಂಧ ಮುರಿಯಲು 436 ಕಿಲೋಜೂಲ್ ಬೇಕು, ಒಂದು ಮೋಲ್ ಕ್ಲೋರಿನ್ನಿನದಕ್ಕೆ 242. ಒಟ್ಟು ಖರ್ಚು 678. ಹೊಸದಾಗಿ ಕೂಡುವ ಬಂಧಗಳು ಎರಡು ಮೋಲ್, ಒಂದೊಂದರಿಂದ ಬರುವುದು 431, ಹಾಗಾಗಿ ಜಮೆ 862. ಮಿಕ್ಕಿದ 184 ಕಿಲೋಜೂಲ್ ಶಾಖವಾಗಿ ಹೊರಬೀಳುತ್ತದೆ. ಇಂಥವು ಬಹಿರುಷ್ಣಕ ಕ್ರಿಯೆಗಳು. ಜಮೆಗಿಂತ ಖರ್ಚೇ ಹೆಚ್ಚಾದರೆ ಕ್ರಿಯೆ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ, ಅದು ಅಂತರುಷ್ಣಕ. ಬಕೆಟ್ಟಿನಲ್ಲಿ ಯೂರಿಯಾ ಗಟ್ಟಿಯಾಗಿ ಕದಡಿದವರ ಕೈಗೆ ಇದು ಗೊತ್ತು: ನೀರು ತಣ್ಣಗೆ ಕೊರೆಯುತ್ತದೆ, ಬಕೆಟ್ಟಿನ ಹೊರಮೈ ಬೆವರುತ್ತದೆ. ಯೂರಿಯಾ ಕರಗುವುದನ್ನು ಪೂರ್ಣಾರ್ಥದ ರಾಸಾಯನಿಕ ಕ್ರಿಯೆ ಎನ್ನಲಾಗದು, ಆದರೆ ಶಕ್ತಿಯ ಲೆಕ್ಕ ಅದೇ ರೀತಿಯದು. 60 ಗ್ರಾಂ ಕರಗಿದರೆ ಸುಮಾರು 15 ಕಿಲೋಜೂಲ್ ನೀರಿನಿಂದ ಕಳೆದುಹೋಗುತ್ತದೆ. 100 ಗ್ರಾಂ ನೀರಿಗೆ 30 ಗ್ರಾಂ ಹಾಕಿ ಕದಡಿದರೆ ತಾಪ ಹತ್ತು ಡಿಗ್ರಿಗೂ ಹೆಚ್ಚು ಇಳಿಯುತ್ತದೆ.

ಚಿಹ್ನೆಯ ವಿಷಯ ಇಲ್ಲೇ ಮುಗಿಸಿಬಿಡೋಣ, ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿಯೇ. ಲೆಕ್ಕ ಬರೆಯುವುದು ಕ್ರಿಯೆಯಲ್ಲಿ ತೊಡಗಿದ ವಸ್ತುಗಳ ಕಡೆಯಿಂದ. ಅವು ಶಾಖ ಕೊಟ್ಟರೆ ಅವುಗಳ ಖಾತೆಯಲ್ಲಿ ಕಳೆತ, ತೆಗೆದುಕೊಂಡರೆ ಕೂಡಿಕೆ. ಥರ್ಮಾಮೀಟರ್ ಇರುವುದು ನೀರಿನಲ್ಲಿ, ಅಂದರೆ ಎದುರು ಪಕ್ಷದಲ್ಲಿ. ಹಾಗಾಗಿ ಅದರಲ್ಲಿ ಏರಿಕೆ ಕಂಡರೆ ಉತ್ತರಕ್ಕೆ ಕಳೆತದ ಚಿಹ್ನೆ. ತೆರೆದ ಪಾತ್ರೆಯಲ್ಲಿ, ವಾತಾವರಣದ ಒತ್ತಡದಲ್ಲಿ ಹೀಗೆ ಅಳೆದ ಶಾಖವನ್ನೇ ಎಂಥಾಲ್ಪಿಯ ಬದಲಾವಣೆ ಎನ್ನುತ್ತೇವೆ.

ಎರಡು ಥರ್ಮೋಕೋಲ್ ಲೋಟಗಳ ಕ್ಯಾಲೊರಿಮೀಟರ್

ಶಾಖ ಅಳೆಯುವ ಸಾಧನಕ್ಕೆ ಕ್ಯಾಲೊರಿಮೀಟರ್ ಎಂದು ಹೆಸರು. ಹೆಸರು ದೊಡ್ಡದಾದರೂ, ಒಂದರೊಳಗೊಂದು ಕೂರಿಸಿದ ಎರಡು ಥರ್ಮೋಕೋಲ್ ಲೋಟ, ತೂತು ಮಾಡಿದ ಒಂದು ಮುಚ್ಚಳ, 0.1 ಡಿಗ್ರಿವರೆಗೆ ಓದಬಲ್ಲ ಥರ್ಮಾಮೀಟರ್, ಕಲಕಲು ಒಂದು ಗಾಜಿನ ಕಡ್ಡಿ ಇದ್ದರೆ ಕೆಲಸ ಶುರುಮಾಡಬಹುದು. ಲೋಟಗಳನ್ನು ಒಂದು ಗಾಜಿನ ಬೀಕರಿನಲ್ಲಿ ಇಳಿಸಿಟ್ಟರೆ ಮಗುಚಿಬೀಳುವುದಿಲ್ಲ.

ಆಮ್ಲ–ಕ್ಷಾರ ತಟಸ್ಥೀಕರಣವೇ ಇದಕ್ಕೆ ಒಳ್ಳೆಯ ಮೊದಲ ಪ್ರಯೋಗ. ಸರಿಯಾಗಿ 1.00 ಮೋಲಾರ್ (ಲೀಟರಿಗೆ ಒಂದು ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿಲೀಟರ್, 1.05 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 50 ಮಿಲಿಲೀಟರ್. ಕ್ಷಾರ ಒಂದಿಷ್ಟು ಹೆಚ್ಚಿಗೆ ಇಡುವುದಕ್ಕೆ ಕಾರಣವಿದೆ. ಅದು ಬಾಟಲಿಯಲ್ಲಿ ಕೂತಷ್ಟು ದಿನ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲವಾಗುತ್ತ ಹೋಗುತ್ತದೆ. ಹೆಚ್ಚಿಗೆ ಇದ್ದರೆ ಆಮ್ಲವೆಲ್ಲ ಪೂರ್ತಿ ಕ್ರಿಯೆಗೆ ಸಿಗುತ್ತದೆ, ಲೆಕ್ಕವನ್ನು ಆಮ್ಲದ 0.05 ಮೋಲ್ ಮೇಲೆ ನಿಶ್ಚಿಂತೆಯಿಂದ ಹಾಕಬಹುದು.

ಎರಡೂ ದ್ರಾವಣಗಳನ್ನು ಒಂದೇ ಕೋಣೆಯಲ್ಲಿ ಅರ್ಧ ಗಂಟೆ ಬಿಟ್ಟು ಒಂದೇ ತಾಪಕ್ಕೆ ಬರಲಿ. ಆಗ ತಾನೇ ತಯಾರಿಸಿದ ಕ್ಷಾರದ ದ್ರಾವಣವನ್ನು ಬಳಸಲೇಬೇಡಿ. ಸೋಡಿಯಂ ಹೈಡ್ರಾಕ್ಸೈಡ್ ಕರಗುವಾಗಲೇ ಶಾಖ ಬಿಟ್ಟಿರುತ್ತದೆ, ದ್ರಾವಣ ಇನ್ನೂ ಬೆಚ್ಚಗಿರುತ್ತದೆ, ಆ ಶಾಖವೂ ತಟಸ್ಥೀಕರಣದ ಖಾತೆಗೆ ಬಂದು ಸೇರುತ್ತದೆ. ಆಮ್ಲದಲ್ಲಿ ಅದ್ದಿದ ಥರ್ಮಾಮೀಟರನ್ನು ತೊಳೆದು ಒರೆಸದೆ ಕ್ಷಾರಕ್ಕೆ ಇಳಿಸಬಾರದು, ಬಲ್ಬಿನ ಮೇಲೇ ಪುಟ್ಟದೊಂದು ಕ್ರಿಯೆ ನಡೆದು ಆರಂಭದ ಓದು ಕೆಡುತ್ತದೆ.

ಆಮ್ಲವನ್ನು ಲೋಟಕ್ಕೆ ಹಾಕಿ ಪ್ರತಿ ನಿಮಿಷ ತಾಪ ಬರೆದುಕೊಳ್ಳಿ. ಮೂರು ನಿಮಿಷದವರೆಗೆ ಓದು ಕದಲದೆ ನಿಲ್ಲಬೇಕು. ನಾಲ್ಕನೇ ನಿಮಿಷಕ್ಕೆ ಸರಿಯಾಗಿ ಕ್ಷಾರವನ್ನು ಒಂದೇ ಸಲಕ್ಕೆ ಸುರಿದು, ಮುಚ್ಚಿ, ಕಲಕುತ್ತ, ಅಲ್ಲಿಂದ ಹತ್ತನೇ ನಿಮಿಷದವರೆಗೆ ಅರ್ಧರ್ಧ ನಿಮಿಷಕ್ಕೆ ಓದು ದಾಖಲಿಸಿ. ತಾಪ ಸರ್ರನೆ ಏರಿ, ಒಂದು ಶಿಖರ ಮುಟ್ಟಿ, ನಿಧಾನಕ್ಕೆ ಇಳಿಯತೊಡಗುತ್ತದೆ.

ಶುರುವಿನಲ್ಲಿ 27.0 ಡಿಗ್ರಿ ಇತ್ತು, ಶಿಖರ 33.3 ಎಂದಿಟ್ಟುಕೊಳ್ಳಿ. ಏರಿಕೆ 6.3. ನೀರಿನ ವಿಶಿಷ್ಟ ಶಾಖ, ಅಂದರೆ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖ, 4.18 ಜೂಲ್. 100 ಗ್ರಾಂ ದ್ರಾವಣಕ್ಕೆ 100 × 4.18 × 6.3, ಅಂದರೆ 2,633 ಜೂಲ್. 0.05 ಮೋಲಿನಿಂದ ಭಾಗಿಸಿದರೆ ಮೋಲಿಗೆ 52.7 ಕಿಲೋಜೂಲ್. ಪುಸ್ತಕದಲ್ಲಿರುವುದು 56ರಿಂದ 57ರ ನಡುವೆ. ಹೆಚ್ಚಿನ ಪ್ರಯೋಗಾಲಯ ದಾಖಲೆಗಳು ಇಲ್ಲಿಗೇ ನಿಂತು, ಕೆಳಗೆ 'ಶಾಖ ನಷ್ಟದಿಂದಾಗಿ ವ್ಯತ್ಯಾಸ ಬಂದಿದೆ' ಎಂದು ಒಂದು ಸಾಲು ಗೀಚಿ ಮುಗಿಸುತ್ತವೆ. ಆ ನಷ್ಟ ಎಷ್ಟೆಂದು ಅಳೆಯಬಹುದು, ಕಷ್ಟವೂ ಇಲ್ಲ.

ಮೊದಲನೆಯ ಸೋರಿಕೆ ಸಮಯದ್ದು. ತಾಪ ಶಿಖರ ಮುಟ್ಟುವಷ್ಟರಲ್ಲಿ ಒಂದಷ್ಟು ಶಾಖ ಆಗಲೇ ಆಚೆ ಹೋಗಿರುತ್ತದೆ. ಗ್ರಾಫ್ ಹಾಳೆಯಲ್ಲಿ ಇಳಿಯುವ ಬಿಂದುಗಳ ಮೂಲಕ ಒಂದು ಗೆರೆ ಎಳೆದು, ಅದನ್ನು ಹಿಂದಕ್ಕೆ ನಾಲ್ಕನೇ ನಿಮಿಷದವರೆಗೆ ಚಾಚಿ. ಕ್ರಿಯೆ ಕಣ್ಣು ಮಿಟುಕಿಸುವುದರಲ್ಲಿ ಮುಗಿದಿದ್ದರೆ ತಾಪ ಎಲ್ಲಿರುತ್ತಿತ್ತೋ ಆ ಬಿಂದು ಅಲ್ಲಿ ಸಿಗುತ್ತದೆ. ಅದು 33.6 ಆದರೆ ಏರಿಕೆ 6.6, ಉತ್ತರ 55.2 ಕಿಲೋಜೂಲ್.

ಎರಡನೆಯದು ಲೋಟ, ಕಡ್ಡಿ, ಥರ್ಮಾಮೀಟರುಗಳೇ ಕುಡಿದ ಶಾಖ. ಇದಕ್ಕೆ ಬೇರೆ ಸಣ್ಣ ಪ್ರಯೋಗ. ಲೋಟದಲ್ಲಿ 27.0 ಡಿಗ್ರಿಯ 50 ಗ್ರಾಂ ನೀರಿಟ್ಟು, ಅದಕ್ಕೆ 47.0 ಡಿಗ್ರಿಯ 50 ಗ್ರಾಂ ಬಿಸಿನೀರು ಸುರಿಯಿರಿ. ನ್ಯಾಯವಾಗಿ ಬರಬೇಕಾದದ್ದು 37.0. ಬಂದದ್ದು 36.8 ಆದರೆ ಬಿಸಿನೀರು ಕಳೆದುಕೊಂಡದ್ದು 50 × 4.18 × 10.2, ಅಂದರೆ 2,132 ಜೂಲ್. ತಣ್ಣೀರಿಗೆ ಸಿಕ್ಕಿದ್ದು 50 × 4.18 × 9.8, ಅಂದರೆ 2,048. ನಡುವೆ ಮಾಯವಾದ 84 ಜೂಲ್ ಲೋಟದ ಪಾಲು. ಲೋಟವೂ ತಣ್ಣೀರಿನ ಜೊತೆಯೇ 9.8 ಡಿಗ್ರಿ ಏರಿದ್ದರಿಂದ ಅದರ ಶಾಖ ಧಾರಣೆ ಡಿಗ್ರಿಗೆ ಸುಮಾರು 8.5 ಜೂಲ್. ಈಗ ಮೂಲ ಲೆಕ್ಕಕ್ಕೆ ಮರಳಿ: ನೀರಿನ 418, ಲೋಟದ 8.5 ಸೇರಿ 426.5. ಅದನ್ನು 6.6ರಿಂದ ಗುಣಿಸಿದರೆ 2,815 ಜೂಲ್, ಮೋಲಿಗೆ 56.3 ಕಿಲೋಜೂಲ್. ಸಾಮಾನು ಅದೇ, ಥರ್ಮಾಮೀಟರ್ ಅದೇ. ಲೆಕ್ಕ ಮಾತ್ರ ನೆಟ್ಟಗಾಯಿತು.

ಗಮನಿಸಿದವರು ಕೇಳಬಹುದು: ಲೋಟದಲ್ಲಿರುವುದು ಉಪ್ಪುನೀರು, ಅದಕ್ಕೆ ಶುದ್ಧ ನೀರಿನ 4.18 ಹಾಕಿದ್ದು ಸರಿಯೇ? ಸರಿಯಲ್ಲ. ಉಪ್ಪುನೀರಿನ ವಿಶಿಷ್ಟ ಶಾಖ ಸ್ವಲ್ಪ ಕಡಿಮೆ. ಆದರೆ 100 ಮಿಲಿಲೀಟರಿನ ತೂಕ 100 ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಎರಡು ತಪ್ಪುಗಳೂ ಎದುರುಬದುರಾಗಿ ಬಹುಪಾಲು ಹೊಡೆದುಹೋಗುತ್ತವೆ. ನಮ್ಮ ಅದೃಷ್ಟ, ಅಷ್ಟೆ.

ಏರಿಕೆ ಸಾಲದು ಎನ್ನಿಸಿ ದ್ರಾವಣಗಳನ್ನು 50ರ ಬದಲು 100 ಮಿಲಿಲೀಟರ್ ತೆಗೆದುಕೊಳ್ಳುವವರಿದ್ದಾರೆ. ಪ್ರಯೋಜನವಿಲ್ಲ. ಶಾಖ ಇಮ್ಮಡಿಯಾದರೆ ಅದನ್ನು ಹಂಚಿಕೊಳ್ಳುವ ನೀರೂ ಇಮ್ಮಡಿ, ಏರಿಕೆ ಅಷ್ಟೇ ಇರುತ್ತದೆ. ಹೆಚ್ಚಿಸಬೇಕಾದದ್ದು ಸಾಂದ್ರತೆ: 2 ಮೋಲಾರ್ ದ್ರಾವಣಗಳಾದರೆ ಏರಿಕೆ 13 ಡಿಗ್ರಿಯ ಹತ್ತಿರ. ಆರಂಭದಲ್ಲಿ 0.1, ಕೊನೆಯಲ್ಲಿ 0.1 ಡಿಗ್ರಿ ಓದುವ ತಪ್ಪಾದರೆ 6.6ರಲ್ಲಿ ಅದು ಶೇ 3, 13ರಲ್ಲಿ ಶೇ 1.5. ಒಂದೊಂದೇ ಡಿಗ್ರಿಯ ಗೆರೆಯಿರುವ ಮಾಮೂಲಿ ಥರ್ಮಾಮೀಟರಿನಲ್ಲಿ ಇದೇ ಪ್ರಯೋಗ ಮಾಡಿದರೆ ಓದುವ ತಪ್ಪೇ ಶೇ 15 ದಾಟಬಹುದು. ಅಂಥ ಉತ್ತರಕ್ಕೆ ದಶಮಾಂಶ ಬಿಂದುವಿನ ನಂತರ ಎರಡು ಅಂಕಿ ಬರೆಯುವುದರಲ್ಲಿ ಅರ್ಥವಿಲ್ಲ.

ಸುಣ್ಣವನ್ನೇ ಲೋಟದಲ್ಲಿ ಅಳೆಯಬಹುದೇ? ಅಳೆಯಬಹುದು. 100 ಗ್ರಾಂ ನೀರಿಗೆ 5 ಗ್ರಾಂ ಸುಟ್ಟ ಸುಣ್ಣದ ನುಣ್ಣನೆ ಪುಡಿ ಹಾಕಿದರೆ 5.8 ಕಿಲೋಜೂಲ್, ಅಂದರೆ 13 ಡಿಗ್ರಿಯಷ್ಟು ಏರಿಕೆ ಬರಬೇಕು. ಅಂಗಡಿಯ ಸುಣ್ಣದಲ್ಲಿ ಅಷ್ಟು ಬರುವುದು ಅಪರೂಪ. ತೆರೆದ ಚೀಲದ ಸುಣ್ಣ ಗಾಳಿಯ ತೇವ ಹೀರಿ ಅರ್ಧಂಬರ್ಧ ಆಗಲೇ ಅರಳಿರುತ್ತದೆ, ಆ ಭಾಗದ ಶಾಖ ಚೀಲದಲ್ಲೇ ಮುಗಿದಿದೆ. ಪುಡಿಯ ಬದಲು ಹರಳು ಹಾಕಿದರೆ ಕ್ರಿಯೆ ಹತ್ತಾರು ನಿಮಿಷ ಎಳೆಯುತ್ತದೆ. ಬಿಡುಗಡೆಯಾಗುವ ಶಾಖಕ್ಕೂ ಸೋರುವ ಶಾಖಕ್ಕೂ ನಡುವೆ ಗೆರೆ ಎಳೆಯುವುದೇ ಕಷ್ಟ, ಹಿಂದಕ್ಕೆ ಗ್ರಾಫ್ ಚಾಚುವ ಉಪಾಯವೂ ಕೈಕೊಡುತ್ತದೆ. ತಟಸ್ಥೀಕರಣವನ್ನು ಮೊದಲ ಪ್ರಯೋಗವಾಗಿ ಆರಿಸುವುದು ಅದು ಕ್ಷಣಾರ್ಧದಲ್ಲಿ ಮುಗಿಯುತ್ತದೆ ಎಂಬುದಕ್ಕೇ. ಸುಣ್ಣದ ಪ್ರಯೋಗ ಮಾಡುವವರು ರಕ್ಷಣಾ ಕನ್ನಡಕ ಹಾಕಿಕೊಳ್ಳಲೇಬೇಕು. ಕಣ್ಣಿಗೆ ಸುಣ್ಣದ ಹನಿ ಸಿಡಿದರೆ ಅದು ಬರೀ ಬಿಸಿಯ ಗಾಯವಲ್ಲ, ಕ್ಷಾರದ ಗಾಯ. ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ವೈದ್ಯರ ಬಳಿ ಹೋಗಬೇಕು.

ಉರಿಯುವುದನ್ನು ಅಳೆಯುವುದು

ಇಂಧನದ ವಿಷಯಕ್ಕೆ ಬಂದರೆ ಲೋಟ ಸಾಲದು. ಶಾಲೆಗಳಲ್ಲಿ ಸ್ಪಿರಿಟ್ ದೀಪದ ಮೇಲೆ 100 ಗ್ರಾಂ ನೀರಿನ ಡಬ್ಬಿ ಇಟ್ಟು, ದೀಪವನ್ನು ಮೊದಲು, ಆಮೇಲೆ ತೂಗುತ್ತಾರೆ. ಒಂದು ಗ್ರಾಂ ಎಥನಾಲ್ ಉರಿದರೆ 29.7 ಕಿಲೋಜೂಲ್, ಅಷ್ಟೂ ನೀರಿಗೆ ಸೇರಿದರೆ 71 ಡಿಗ್ರಿ ಏರಬೇಕು. ಅದರ ಅರ್ಧ ಬಂದರೂ ದೊಡ್ಡದು. ಜ್ವಾಲೆಯ ಬಿಸಿಗಾಳಿ ಡಬ್ಬಿಯ ಪಕ್ಕದಿಂದ ಹಾದು ಮೇಲೆ ಹೋಗುತ್ತದೆ, ತಳಕ್ಕೆ ಮಸಿ ಕಟ್ಟುತ್ತದೆ. ಆ ಮಸಿ ಎಂದರೆ ಪೂರ್ತಿ ಉರಿಯದೆ ಉಳಿದ ಇಂಗಾಲ. ಇಲ್ಲಿ ಸೋರಿಕೆಯನ್ನು ಲೆಕ್ಕ ಹಾಕಿ ಸರಿಪಡಿಸುವ ಮಾತೇ ಇಲ್ಲ, ಅದನ್ನು ಕಟ್ಟಿಹಾಕಬೇಕು.

ಫ್ರೆಂಚ್ ವಿಜ್ಞಾನಿಗಳಾದ ಲವಾಸಿಯೇ ಮತ್ತು ಲಾಪ್ಲಾಸ್ 1782–83ರ ಚಳಿಗಾಲದಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ್ದು ಇದನ್ನೇ. ಕ್ರಿಯೆ ನಡೆಯುವ ಕೋಣೆಯ ಸುತ್ತ ಮಂಜುಗಡ್ಡೆ, ಅದರ ಸುತ್ತ ಇನ್ನೊಂದು ಪದರ ಮಂಜುಗಡ್ಡೆ. ಹೊರಗಿನ ಶಾಖವನ್ನು ಹೊರಪದರ ತಡೆಯುತ್ತದೆ. ಒಳಪದರದಿಂದ ಕರಗಿ ಬಂದ ನೀರನ್ನು ತೂಗಿದರೆ ಶಾಖದ ಅಳತೆ ಸಿಕ್ಕಿತು, ಗ್ರಾಮಿಗೆ 334 ಜೂಲ್. ಥರ್ಮಾಮೀಟರಿನ ಅಗತ್ಯವೇ ಇಲ್ಲದ ಜಾಣ ಉಪಾಯ. ಕೊರತೆಯೂ ಅಲ್ಲೇ ಇತ್ತು: ಕರಗಿದ ನೀರಿನಲ್ಲಿ ಒಂದಷ್ಟು ಮಂಜಿನ ಚೂರುಗಳ ಸಂದಿಯಲ್ಲೇ ಅಂಟಿಕೊಂಡು ಕೆಳಗೆ ಇಳಿಯುತ್ತಿರಲಿಲ್ಲ.

ಇಂದು ಕಲ್ಲಿದ್ದಲು, ಡೀಸೆಲ್, ಕಬ್ಬಿನ ಸಿಪ್ಪೆ, ಕಾಳು, ಏನನ್ನೇ ಉರಿಸಿ ಅಳೆಯಬೇಕಾದರೂ ಬಳಸುವುದು ಬಾಂಬ್ ಕ್ಯಾಲೊರಿಮೀಟರ್. 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಮಾರ್ಸೆಲಿನ್ ಬರ್ತೆಲೋ ರೂಪಿಸಿದ ಸಾಧನದ ವಂಶದ್ದು. ಬಾಂಬ್ ಎಂದರೆ ದಪ್ಪ ಗೋಡೆಯ ಉಕ್ಕಿನ ಒಂದು ಡಬ್ಬಿ, ಒಳಗೆ ಸುಮಾರು 300 ಮಿಲಿಲೀಟರ್ ಜಾಗ. ಮುಚ್ಚಳದಿಂದ ಇಳಿಬಿದ್ದ ಎರಡು ವಿದ್ಯುತ್ ಕಂಬಿಗಳು, ಒಂದರ ತುದಿಯಲ್ಲಿ ಪುಟ್ಟ ಮೂಸೆ. ಮೂಸೆಯಲ್ಲಿ ಗುಳಿಗೆಯಾಗಿ ಒತ್ತಿದ ಒಂದು ಗ್ರಾಮಿನಷ್ಟು ಮಾದರಿ. ಎರಡು ಕಂಬಿಗಳ ನಡುವೆ 10 ಸೆಂಟಿಮೀಟರ್ ತಂತಿ, ಅದರ ಕುಣಿಕೆ ಗುಳಿಗೆಗೆ ತಾಗಿರಬೇಕು, ಮೂಸೆಗೆ ತಾಗಿರಬಾರದು. ತಾಗಿದರೆ ವಿದ್ಯುತ್ ಅಡ್ಡದಾರಿ ಹಿಡಿಯುತ್ತದೆ, ಗುಳಿಗೆ ಹೊತ್ತಿಕೊಳ್ಳುವುದಿಲ್ಲ. ತಳಕ್ಕೆ 1 ಮಿಲಿಲೀಟರ್ ನೀರು ಹಾಕಿ, ಮುಚ್ಚಳ ಬಿಗಿದು, 25–30 ವಾತಾವರಣ ಒತ್ತಡದವರೆಗೆ ಆಕ್ಸಿಜನ್ ತುಂಬುತ್ತಾರೆ. ಆ ಬಾಂಬನ್ನು 2,000 ಗ್ರಾಂ ನೀರಿರುವ ಬಕೆಟ್ಟಿನಲ್ಲಿ ಮುಳುಗಿಸಿ, ಬಕೆಟ್ಟನ್ನು ಹೊರಕವಚದೊಳಗೆ ಇಟ್ಟು, ಕಲಕುವ ಮೋಟರ್ ಓಡಿಸಿ, ಐದು ನಿಮಿಷ ಓದು ಸ್ಥಿರವಾಗುವವರೆಗೆ ಕಾದು ಗುಂಡಿ ಒತ್ತಬೇಕು.

ಇದರಲ್ಲಿ ನಡೆಯುವ ಎಡವಟ್ಟುಗಳಿಗೆ ಕಾರಣ ಹೆಚ್ಚಿನ ಸಲ ಚಿಕ್ಕದೇ. ಮಾದರಿಯನ್ನು ಗುಳಿಗೆ ಮಾಡದೆ ಪುಡಿಯಾಗಿಯೇ ಇಟ್ಟರೆ ಆಕ್ಸಿಜನ್ ನುಗ್ಗುವ ರಭಸಕ್ಕೆ ಮೂಸೆಯಿಂದ ಹಾರಿ ಗೋಡೆಗೆ ಅಂಟುತ್ತದೆ, ಉರಿಯುವುದಿಲ್ಲ. ಗುಳಿಗೆಯನ್ನು ತೀರಾ ಗಟ್ಟಿ ಒತ್ತಿದರೆ ಕಾವಿಗೆ ಸಿಡಿದು ಚೂರಾಗುತ್ತದೆ. ಬಾಂಬನ್ನು ನೀರಿಗೆ ಇಳಿಸಿದಾಗ ಗುಳ್ಳೆಗಳು ಸಾಲಾಗಿ ಏಳುತ್ತಿದ್ದರೆ ವಾಷರ್ ಸೋರುತ್ತಿದೆ ಎಂದರ್ಥ, ಅಂಥ ಸ್ಥಿತಿಯಲ್ಲಿ ಗುಂಡಿ ಒತ್ತಬಾರದು. ಆಕ್ಸಿಜನ್ನಿನ ಜೋಡಣೆಗಳಿಗೆ ಎಣ್ಣೆ, ಗ್ರೀಸ್ ಸೋಕಿಸಲೇಬಾರದು, ಆ ಒತ್ತಡದ ಆಕ್ಸಿಜನ್ನಿನಲ್ಲಿ ಗ್ರೀಸೇ ಹೊತ್ತಿಕೊಳ್ಳುತ್ತದೆ. ಕೊನೆಗೆ ಬಾಂಬ್ ಬಿಚ್ಚಿದಾಗ ಮೂಸೆಯಲ್ಲೋ ಮುಚ್ಚಳದಲ್ಲೋ ಮಸಿ ಕಂಡರೆ ಮುಲಾಜಿಲ್ಲದೆ ಆ ಓದನ್ನು ಕೈಬಿಡಬೇಕು. ಮಸಿಗೆ ತಿದ್ದುಪಡಿ ಇಲ್ಲ.

ನೀರು, ಬಕೆಟ್ಟು, ಬಾಂಬ್ ಎಲ್ಲ ಸೇರಿ ಒಂದು ಡಿಗ್ರಿ ಏರಲು ಎಷ್ಟು ಶಾಖ ಬೇಕೆಂದು ಮೊದಲು ತಿಳಿಯಬೇಕು. ಅದಕ್ಕೆ ಬೆಂಜೋಯಿಕ್ ಆಮ್ಲದ ಗುಳಿಗೆ ಉರಿಸುತ್ತಾರೆ. ಅದು ಶುದ್ಧವಾಗಿ ಸಿಗುತ್ತದೆ, ತೇವ ಹೀರುವುದಿಲ್ಲ, ಚೊಕ್ಕಟವಾಗಿ ಉರಿಯುತ್ತದೆ. ಬಾಂಬಿನಲ್ಲಿ ಅದರ ಶಾಖ ಗ್ರಾಮಿಗೆ 26.434 ಕಿಲೋಜೂಲ್ ಎಂದು ಪ್ರಮಾಣೀಕೃತವಾಗಿದೆ. 1.000 ಗ್ರಾಂ ಉರಿಸಿದಾಗ 2.60 ಡಿಗ್ರಿ ಏರಿತೆನ್ನಿ. ತಂತಿ ತಾನೇ ಉರಿದು ಕೊಟ್ಟ 0.09 ಕಿಲೋಜೂಲ್ ಸೇರಿಸಿ ಭಾಗಿಸಿದರೆ ಡಿಗ್ರಿಗೆ 10.2 ಕಿಲೋಜೂಲ್. ಈ ಸಂಖ್ಯೆ ಆ ಉಪಕರಣದ ಜಾತಕ. ಬಕೆಟ್ಟಿನ ನೀರು 2,000ದ ಬದಲು 2,010 ಗ್ರಾಂ ಆದರೂ ಜಾತಕ ಬದಲಾಗುತ್ತದೆ. ಹಾಗಾಗಿ ನೀರನ್ನು ಅಳತೆ ಜಾಡಿಯಿಂದ ಅಳೆಯದೆ ಪ್ರತಿ ಸಲವೂ ತೂಗುತ್ತಾರೆ.

ಒಂದು ಡಿಗ್ರಿಯ ನೂರನೇ ಒಂದೂವರೆ ಪಾಲು

ಈಗ ಇದೇ ಉಪಕರಣದಲ್ಲಿ ಕಲ್ಲಿದ್ದಲು. ಭಾರತದಲ್ಲಿ 2012ರಿಂದ ಉಷ್ಣ ಸ್ಥಾವರಗಳ ಕಲ್ಲಿದ್ದಲಿನ ದರ್ಜೆ ನಿಂತಿರುವುದು ಜಿಸಿವಿ, ಅಂದರೆ ಒಟ್ಟು ಕ್ಯಾಲೊರಿ ಮೌಲ್ಯದ ಮೇಲೆ. ಕಿಲೋಗೆ 7,000 ಕಿಲೋಕ್ಯಾಲೊರಿ ದಾಟಿದರೆ ಜಿ-1, ಅಲ್ಲಿಂದ 300ರ ಒಂದೊಂದು ಮೆಟ್ಟಿಲಿಳಿದು ಜಿ-17ರವರೆಗೆ. ಶಕ್ತಿನಗರದ ರಾಯಚೂರು ಸ್ಥಾವರಕ್ಕೋ ಬಳ್ಳಾರಿ ಬಳಿಯ ಕುಡುತಿನಿಗೋ ಬರುವ ಒಂದು ಗೂಡ್ಸ್ ರೈಲಿನಲ್ಲಿ ಸುಮಾರು ನಾಲ್ಕು ಸಾವಿರ ಟನ್ ಇರುತ್ತದೆ. ಅದರಿಂದ ಮಾದರಿ ತೆಗೆದು, ಒಡೆದು, ಪಾಲು ಮಾಡಿ, ಮತ್ತೆ ಅರೆದು, 212 ಮೈಕ್ರಾನ್ ಜರಡಿ ಹಿಡಿದು, ಕೊನೆಗೆ ಮೂಸೆಗೆ ಬರುವುದು ಒಂದು ಗ್ರಾಂ.

ಆ ಒಂದು ಗ್ರಾಂ ಉರಿದು 1.640 ಡಿಗ್ರಿ ಏರಿಸಿತೆನ್ನಿ. 10.2ರಿಂದ ಗುಣಿಸಿದರೆ 16.73 ಕಿಲೋಜೂಲ್. ತಂತಿಯ 0.09 ಕಳೆಯಿರಿ. ಬಾಂಬಿನೊಳಗೆ ಉಳಿದಿದ್ದ ಗಾಳಿಯ ನೈಟ್ರೋಜನ್ ನೈಟ್ರಿಕ್ ಆಮ್ಲವಾಗುವಾಗಲೂ ಶಾಖ ಬಿಡುತ್ತದೆ. ಕುಲುಮೆಯಲ್ಲಿ ಹಾಗಾಗುವುದಿಲ್ಲ, ಹಾಗಾಗಿ ಅದನ್ನೂ ಕಳೆಯಬೇಕು. ತಳದ ನೀರನ್ನು ತೊಳೆದು ತೆಗೆದು ಸೋಡಿಯಂ ಕಾರ್ಬೊನೇಟ್ ದ್ರಾವಣದಿಂದ ಅನುಮಾಪನ ಮಾಡಿದರೆ (ಆಮ್ಲವೆಲ್ಲ ತೀರಲು ಎಷ್ಟು ದ್ರಾವಣ ಬೇಕಾಯಿತೆಂದು ಅಳೆದರೆ) ಅದರ ಪಾಲು ತಿಳಿಯುತ್ತದೆ, ಸಾಮಾನ್ಯವಾಗಿ 0.04ರ ಆಸುಪಾಸು. ಗಂಧಕ ಹೆಚ್ಚಿರುವ ಕಲ್ಲಿದ್ದಲಾದರೆ ಸಲ್ಫ್ಯೂರಿಕ್ ಆಮ್ಲಕ್ಕೆ ಇನ್ನೊಂದು ತಿದ್ದುಪಡಿ. ನಮ್ಮಲ್ಲಿ ಬೂದಿ ಜಾಸ್ತಿಯೇ ಹೊರತು ಗಂಧಕ ಅಷ್ಟಿಲ್ಲ, ಆದ್ದರಿಂದ ಈ ಉದಾಹರಣೆಯಲ್ಲಿ ಬಿಡೋಣ. ಉಳಿದದ್ದು 16.60 ಕಿಲೋಜೂಲ್, 4.184ರಿಂದ ಭಾಗಿಸಿದರೆ ಕಿಲೋಗೆ ಸುಮಾರು 3,967 ಕಿಲೋಕ್ಯಾಲೊರಿ. ದರ್ಜೆ ಜಿ-12.

ಓದು 1.640ರ ಬದಲು 1.655 ಆಗಿದ್ದರೆ? ಉತ್ತರ 4,003. ಅದು ಜಿ-11. ಒಂದು ಡಿಗ್ರಿಯ ನೂರನೇ ಒಂದೂವರೆ ಪಾಲಿಗೆ ಇಡೀ ರೈಲಿನ ಕಲ್ಲಿದ್ದಲಿನ ದರವೇ ಬದಲಾಗಿಬಿಡುತ್ತದೆ. ಕಲಕುವ ಮೋಟರಿನ ತಿಕ್ಕಾಟದ ಶಾಖ, ಹೊರಕವಚಕ್ಕೆ ಸೋರಿದ ಶಾಖ ಎಲ್ಲವನ್ನೂ ಗುಂಡಿ ಒತ್ತುವ ಮೊದಲಿನ ಐದು ನಿಮಿಷ, ನಂತರದ ಹತ್ತು ನಿಮಿಷಗಳ ಓದುಗಳಿಂದ ಲೆಕ್ಕ ಹಾಕಿ ತೆಗೆಯುವುದು ಇದಕ್ಕಾಗಿ. ಥರ್ಮೋಕೋಲ್ ಲೋಟದ ಗ್ರಾಫಿನಲ್ಲಿ ಗೆರೆ ಹಿಂದಕ್ಕೆ ಚಾಚಿದೆವಲ್ಲ, ಅದೇ ಕೆಲಸ ಇಲ್ಲಿ ಹೆಚ್ಚು ನಾಜೂಕಾಗಿ ನಡೆಯುತ್ತದೆ.

ಆದರೂ ಜಗಳ ಹುಟ್ಟುವುದು ಬಾಂಬಿಗಿಂತ ಹೆಚ್ಚಾಗಿ ತೇವಾಂಶದಿಂದ. ದರ್ಜೆ ನಿರ್ಧರಿಸುವುದು 40 ಡಿಗ್ರಿ ತಾಪ, ಶೇ 60 ಆರ್ದ್ರತೆಯಲ್ಲಿ ಸಮತೋಲಕ್ಕೆ ಬಂದ ಮಾದರಿಯ ಲೆಕ್ಕದಲ್ಲಿ. ಸ್ಥಾವರದ ಕುಲುಮೆಗೆ ಬೀಳುವುದು ಮಳೆಯಲ್ಲಿ ನೆನೆದ ಕಲ್ಲಿದ್ದಲು. ಎರಡೂ ಸಂಖ್ಯೆಗಳು ಸರಿಯೇ, ಆದರೆ ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟು ಮಾತಾಡಿದರೆ ನೂರಾರು ಕಿಲೋಕ್ಯಾಲೊರಿ ಕಾಣೆಯಾದಂತೆ ತೋರುತ್ತದೆ.

ಬಾಂಬು ಕೊಡುವ ಉತ್ತರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಚ್ಚಿದ ಡಬ್ಬಿಯಲ್ಲಿ ಗಾತ್ರ ಬದಲಾಗದು, ಹಾಗಾಗಿ ಅದು ಅಳೆಯುವುದು ಎಂಥಾಲ್ಪಿಯನ್ನಲ್ಲ, ಆಂತರಿಕ ಶಕ್ತಿಯ ಬದಲಾವಣೆಯನ್ನು. ವ್ಯತ್ಯಾಸ ಅನಿಲದ ಮೋಲುಗಳ ಏರಿಳಿತಕ್ಕೆ ತಕ್ಕಂತೆ, ಕೋಣೆಯ ತಾಪದಲ್ಲಿ ಮೋಲಿಗೆ 2.5 ಕಿಲೋಜೂಲ್. ಬೆಂಜೋಯಿಕ್ ಆಮ್ಲದಲ್ಲಿ ಅನಿಲ ಅರ್ಧ ಮೋಲ್ ಕಡಿಮೆಯಾಗುತ್ತದೆ, 3,227 ಕಿಲೋಜೂಲಿನಲ್ಲಿ ತಿದ್ದುಪಡಿ 1.2 ಮಾತ್ರ. ವ್ಯವಹಾರಕ್ಕೆ ನಗಣ್ಯ.

ನಗಣ್ಯವಲ್ಲದ್ದು ನೀರಾವಿಯ ಲೆಕ್ಕ. ಬಾಂಬಿನಲ್ಲಿ ಹುಟ್ಟಿದ ಆವಿ ಅಲ್ಲೇ ನೀರಾಗಿ ತನ್ನ ಗುಪ್ತೋಷ್ಣವನ್ನು, ಅಂದರೆ ಆವಿಯ ರೂಪದಲ್ಲಿ ಹಿಡಿದಿಟ್ಟ ಶಾಖವನ್ನು, ಬಿಟ್ಟುಕೊಡುತ್ತದೆ. ಅಡುಗೆಮನೆಯಲ್ಲಿ ಅದು ಆವಿಯಾಗಿಯೇ ಹಾರಿಹೋಗುತ್ತದೆ. ಮೀಥೇನಿನಲ್ಲಿ ಮೊದಲ ಲೆಕ್ಕ ಮೋಲಿಗೆ 890, ಎರಡನೆಯದು 802 ಕಿಲೋಜೂಲ್, ಶೇ 10ರಷ್ಟು ಅಂತರ. ಎಲ್‌ಪಿಜಿಯಿಂದ ಒಲೆಗೆ ದಕ್ಕುವುದು ಕಿಲೋಗೆ ಸುಮಾರು 46 ಮೆಗಾಜೂಲ್. ಗ್ಯಾಸ್ ಒಲೆಗಳ ಭಾರತೀಯ ಮಾನಕ ಐಎಸ್ 4246 ಕೇಳುವುದು ಕನಿಷ್ಠ ಶೇ 68 ದಕ್ಷತೆ. ಆ ಲೆಕ್ಕದಲ್ಲಿ ಒಂದು ಲೀಟರ್ ನೀರು ಕುದಿಯಲು ಸುಮಾರು 10 ಗ್ರಾಂ ಗ್ಯಾಸ್ ಬೇಕು. ಮುಚ್ಚಳ ಹಾಕದ ಪಾತ್ರೆ, ಪಾತ್ರೆಯ ಅಂಚು ದಾಟಿ ಮೇಲೇಳುವ ಉರಿ ಇದ್ದರೆ ಇನ್ನೂ ಹೆಚ್ಚು.

ಬಿಸ್ಕತ್ ಪೊಟ್ಟಣದ ಕ್ಯಾಲೊರಿಯೂ ಬಾಂಬಿನಿಂದಲೇ ಬಂದದ್ದು, ಆದರೆ ನೇರವಾಗಿ ಅಲ್ಲ. ಪ್ರೋಟೀನನ್ನು ಬಾಂಬಿನಲ್ಲಿ ಉರಿಸಿದರೆ ಗ್ರಾಮಿಗೆ 5.65 ಕಿಲೋಕ್ಯಾಲೊರಿ. ದೇಹ ಅದನ್ನು ಕೊನೆಯವರೆಗೆ ಉರಿಸುವುದಿಲ್ಲ, ನೈಟ್ರೋಜನ್ನನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಬಿಡುತ್ತದೆ, ಅದರಲ್ಲಿ 1.25 ಹೋಯಿತು. ಜೀರ್ಣವಾಗದ ಪಾಲು ಇನ್ನೊಂದಿಷ್ಟು. ಹೀಗೆ ಕಳೆದು ಅಮೆರಿಕದ ವಿಜ್ಞಾನಿ ಆಟ್‌ವಾಟರ್ ಕೊಟ್ಟ ಸಂಖ್ಯೆಗಳೇ ಪ್ರೋಟೀನಿಗೆ 4, ಕೊಬ್ಬಿಗೆ 9, ಪಿಷ್ಟಕ್ಕೆ 4.

ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿಗೆ ಬೇಕಾದ ಅಳತೆ ಬೇರೆ ಬಗೆಯದು. ಅಲ್ಲಿ ಐದು ಹತ್ತು ಮಿಲಿಗ್ರಾಂ ಮಾದರಿಯನ್ನು ಅಲ್ಯೂಮಿನಿಯಂ ಬಟ್ಟಲಲ್ಲಿಟ್ಟು, ಪಕ್ಕದ ಖಾಲಿ ಬಟ್ಟಲಿನ ಜೊತೆ ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸಿ, ಎರಡಕ್ಕೂ ಹರಿಯುವ ಶಾಖದ ವ್ಯತ್ಯಾಸ ನೋಡುತ್ತಾರೆ. ಯಾವ ತಾಪದಲ್ಲಿ ವಸ್ತು ತಾನಾಗಿ ಶಾಖ ಬಿಡಲು ಶುರುಮಾಡುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಕಿಲೋಗೆ 200 ಕಿಲೋಜೂಲ್ ಬಿಡುವ ಮಿಶ್ರಣದ ವಿಶಿಷ್ಟ ಶಾಖ 2 ಎಂದರೆ, ತಂಪು ಮಾಡುವ ವ್ಯವಸ್ಥೆ ನಿಂತ ದಿನ ಅದು 100 ಡಿಗ್ರಿ ಏರಬಲ್ಲದು. ಗಾಜಿನ ಫ್ಲಾಸ್ಕಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಸಣ್ಣ ಪಾತ್ರೆ ಗೋಡೆಯಿಂದಲೇ ಶಾಖ ಕಳೆದುಕೊಳ್ಳುತ್ತದೆ. ಸಾವಿರಾರು ಲೀಟರಿನ ರಿಯಾಕ್ಟರಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಗೋಡೆ ತೀರಾ ಕಡಿಮೆ, ಒಳಗಿನ ಶಾಖಕ್ಕೆ ಹೊರದಾರಿ ಇಲ್ಲ. ಬಿಸಿಯಾದಷ್ಟೂ ಕ್ರಿಯೆ ಚುರುಕು, ಚುರುಕಾದಷ್ಟೂ ಬಿಸಿ. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದ ತೊಟ್ಟಿಯಲ್ಲಿ ಮೀಥೈಲ್ ಐಸೊಸಯನೇಟಿಗೆ ನೀರು ಸೇರಿದಾಗ ನಡೆದದ್ದು ಇಂಥ ಓಟವೇ.

ಅಳೆಯಲಾಗದ್ದನ್ನು ಅಳೆಯುವುದು

ಕೆಲವು ಕ್ರಿಯೆಗಳು ಯಾವ ಕ್ಯಾಲೊರಿಮೀಟರಿಗೂ ಬಗ್ಗುವುದಿಲ್ಲ. ಇಂಗಾಲವನ್ನು ಉರಿಸಿ ಬರೀ ಕಾರ್ಬನ್ ಮೊನಾಕ್ಸೈಡ್ ಪಡೆಯುತ್ತೇನೆಂದರೆ ಆಗದು, ಜೊತೆಗೆ ಡೈಆಕ್ಸೈಡೂ ಬಂದೇ ಬರುತ್ತದೆ. ಇದಕ್ಕೆ ದಾರಿ ತೋರಿದ್ದು ಜಿನೀವಾದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲೆಸಿದ ರಸಾಯನವಿಜ್ಞಾನಿ ಜರ್ಮೇನ್ ಹೆಸ್, 1840ರಲ್ಲಿ. ಹೊರಟ ಜಾಗ, ಸೇರುವ ಜಾಗ ಒಂದೇ ಆದರೆ, ನಡುವೆ ಎಷ್ಟು ಹಂತಗಳಲ್ಲಿ ಹೋದರೂ ಶಾಖದ ಒಟ್ಟು ಲೆಕ್ಕ ಒಂದೇ. ಇಂಗಾಲ ಪೂರ್ತಿ ಉರಿದರೆ ಮೋಲಿಗೆ 393.5 ಕಿಲೋಜೂಲ್, ಮೊನಾಕ್ಸೈಡ್ ಉರಿದು ಡೈಆಕ್ಸೈಡ್ ಆದರೆ 283.0. ಎರಡನ್ನೂ ಅಳೆಯಬಹುದು. ವ್ಯತ್ಯಾಸ 110.5, ಅದೇ ನಮಗೆ ಬೇಕಾದ ಉತ್ತರ.

ಸುಣ್ಣದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸುಣ್ಣದ ಗೂಡಿನಲ್ಲಿ 100 ಗ್ರಾಂ ಸುಣ್ಣಕಲ್ಲು ಡೈಆಕ್ಸೈಡ್ ಬಿಟ್ಟು 56 ಗ್ರಾಂ ಸುಟ್ಟ ಸುಣ್ಣವಾಗಲು ಒಳಗೆಳೆದುಕೊಳ್ಳುವ ಶಾಖ 178 ಕಿಲೋಜೂಲ್. ಗೂಡಿಗೆ ಹಾಕುವ ಸೌದೆ, ಇದ್ದಿಲು ಇದಕ್ಕಿಂತ ಎಷ್ಟೋ ಹೆಚ್ಚು. ಕಲ್ಲನ್ನು 900 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು, ಹೊಗೆಯ ಜೊತೆ ಹೋಗುವುದೂ ಬಹಳ. ಕಲ್ಲಿನ ಖಾತೆಗೆ ಜಮೆಯಾಗಿ ಉಳಿಯುವುದು ಮಾತ್ರ 178. ಆ ಸುಣ್ಣಕ್ಕೆ ನೀರು ಸುರಿದಾಗ 65 ಕಿಲೋಜೂಲ್ ಬಕೆಟ್ಟಿನಲ್ಲಿ ಕುದಿಯಾಗಿ ಹೊರಬಂತು. ಮಿಕ್ಕಿದ್ದು ಅರಳಿದ ಸುಣ್ಣದ ಜೊತೆ ಗಾರೆಯೊಳಗೆ, ಗಾರೆಯ ಜೊತೆ ಗೋಡೆಗೆ ಹೋಯಿತು. ಅಲ್ಲಿ ಅದು ಗಾಳಿಯ ಡೈಆಕ್ಸೈಡನ್ನು ಹೀರುತ್ತ ಮತ್ತೆ ಸುಣ್ಣಕಲ್ಲಾಗುತ್ತದೆ. ಮೇಲ್ಮೈಯಲ್ಲಿ ತಿಂಗಳುಗಟ್ಟಲೆ, ದಪ್ಪ ಗೋಡೆಯ ಒಡಲಲ್ಲಿ ವರ್ಷಗಟ್ಟಲೆ ಹಿಡಿಯುವ ಕೆಲಸ. ಆಗಲೂ ಶಾಖ ಹೊರಬೀಳುತ್ತಲೇ ಇರುತ್ತದೆ, ಆದರೆ ಎಷ್ಟು ನಿಧಾನವೆಂದರೆ ಗೋಡೆಗೆ ಥರ್ಮಾಮೀಟರ್ ಒತ್ತಿ ಹಿಡಿದರೂ ಬಿಸಿಲಿನ ಕಾವಿನಲ್ಲಿ ಅದು ಮುಚ್ಚಿಹೋಗುತ್ತದೆ. ಅದನ್ನು ಅಳೆಯಲು ಗೋಡೆಯ ಹತ್ತಿರ ಹೋಗಬೇಕಾಗಿಯೂ ಇಲ್ಲ: 178ರಲ್ಲಿ 65 ಕಳೆದರೆ 113 ಕಿಲೋಜೂಲ್.